ಕರಡು ಯಾವ ವಾರ ವಾಪಸ್ ಬರುತ್ತದೆ?

ಸೆಮಿಸ್ಟರಿನ ಕೊನೆಯ ದಿನ ನಲವತ್ತು ಪುಟದ ಒಂದೇ ಪ್ರಬಂಧ ಒಪ್ಪಿಸಿಕೊಳ್ಳುವ ಕೋರ್ಸು ಒಂದು. ಎರಡು, ನಾಲ್ಕು, ಹತ್ತು ಪುಟ ಎಂದು ಬಿಡಿಬಿಡಿಯಾಗಿ ಬರೆಸಿ ಒಟ್ಟು ಹದಿನಾರಕ್ಕೆ ನಿಲ್ಲಿಸುವ ಕೋರ್ಸು ಇನ್ನೊಂದು. ‘ನಮ್ಮದನ್ನು ಬರವಣಿಗೆ-ಪ್ರಧಾನ ಕೋರ್ಸು ಎಂದು ಗುರುತಿಸಿ’ ಎಂದು ಅಮೆರಿಕದ ವಿಶ್ವವಿದ್ಯಾಲಯವೊಂದರ ಸಮಿತಿಗೆ ಎರಡೂ ಅರ್ಜಿ ಹಾಕಿದವು ಅಂತಿಟ್ಟುಕೊಳ್ಳಿ. ಮೊದಲನೆಯದು ವಾಪಸ್ ಬರುವ ಸಂಭವವೇ ಹೆಚ್ಚು, ಎರಡನೆಯದು ಪಾಸಾಗುತ್ತದೆ. ಹೆಚ್ಚು ಬರೆಸಿದವರಿಗೆ ಇಲ್ಲ, ಕಡಿಮೆ ಬರೆಸಿದವರಿಗೆ ಉಂಟು. ಇದೆಂಥ ನ್ಯಾಯ ಅನ್ನಿಸುವುದು ಸಹಜ.

ನಮ್ಮ ಕಡೆಯಿಂದ ಅಲ್ಲಿಗೆ ಪದವಿ ಓದಲು ಹೋದ ಮಕ್ಕಳು ಮೊದಲ ವಾರದಲ್ಲೇ ಈ ವ್ಯವಸ್ಥೆಗೆ ಎದುರಾಗುತ್ತಾರೆ. ಕೋರ್ಸುಗಳ ಪಟ್ಟಿಯಲ್ಲಿ ಕೆಲವು ಹೆಸರುಗಳ ಪಕ್ಕ ‘ಡಬ್ಲ್ಯೂ’ ಅಥವಾ ‘ಡಬ್ಲ್ಯೂಐ’ ಎಂಬ ಗುರುತು ಇರುತ್ತದೆ. ರೈಟಿಂಗ್ ಇಂಟೆನ್ಸಿವ್ ಎಂದು ಅದರ ಅರ್ಥ. ಇಂಥ ಕೋರ್ಸುಗಳನ್ನು ಇಂತಿಷ್ಟು ಮುಗಿಸದೆ ಹಲವು ಕಡೆ ಡಿಗ್ರಿ ಕೈಗೆ ಬರುವುದಿಲ್ಲ. ಇವು ಇಂಗ್ಲಿಷ್ ಕಲಿಸುವ ಕೋರ್ಸುಗಳಲ್ಲ; ಜೀವಶಾಸ್ತ್ರ, ಅರ್ಥಶಾಸ್ತ್ರ, ನರ್ಸಿಂಗ್, ಎಂಜಿನಿಯರಿಂಗ್ ಯಾವುದಕ್ಕೆ ಬೇಕಾದರೂ ಆ ಗುರುತು ಸಿಗಬಹುದು. ಆದರೆ ಮೇಷ್ಟ್ರು ತಾವಾಗಿ ಹಾಕಿಕೊಳ್ಳುವ ಹಾಗಿಲ್ಲ. ಅರ್ಜಿ ಹಾಕಬೇಕು, ಬೇರೆ ಬೇರೆ ವಿಭಾಗಗಳ ಅಧ್ಯಾಪಕರು ಕೂತ ಸಮಿತಿ ಅದನ್ನು ನೋಡಬೇಕು, ಒಪ್ಪಬೇಕು.

ಸಮಿತಿ ಏನು ನೋಡುತ್ತದೆ? ಹವಾಯಿ ವಿಶ್ವವಿದ್ಯಾಲಯದ ಮಾನೋವಾ ಕ್ಯಾಂಪಸ್ಸಿನ ನಿಯಮ ಹಳೆಯದು, 1987ರಲ್ಲಿ ಶುರುವಾದದ್ದು, ಮತ್ತು ಐದು ಮಾತಿನಲ್ಲಿ ಮುಗಿಯುವಂಥದ್ದು. ಬರೆಯುವ ಕೆಲಸ ಪಾಠವನ್ನು ಕಲಿಯಲಿಕ್ಕೇ ನೆರವಾಗಬೇಕು. ವಿದ್ಯಾರ್ಥಿ ಬರೆಯುತ್ತಿರುವಾಗಲೇ ಮೇಷ್ಟ್ರ ಜತೆ ಮಾತುಕತೆ ನಡೆಯಬೇಕು. ಒಟ್ಟು ಅಂಕದಲ್ಲಿ ಕನಿಷ್ಠ ಶೇ. 40 ಬರವಣಿಗೆಗೆ ಇರಬೇಕು. ಒಬ್ಬೊಬ್ಬರೂ ಕನಿಷ್ಠ 4,000 ಪದ, ಅಂದರೆ ಸುಮಾರು 16 ಪುಟ ಬರೆಯಬೇಕು. ತರಗತಿಯಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದು. ಅಲ್ಲಿ ಪದವಿ ಮುಗಿಯುವುದರೊಳಗೆ ಇಂಥ ಐದು ಕೋರ್ಸು ಆಗಬೇಕು, ಅದರಲ್ಲಿ ಎರಡು ಮೇಲಿನ ಹಂತದವು.

ಈ ಐದರಲ್ಲಿ ಅಂಕೆ ಇರುವ ಮೂರು ಮಾತು ಥಟ್ಟನೆ ಕಣ್ಣಿಗೆ ಬೀಳುತ್ತವೆ. ಅಂಕೆಯೇ ಇಲ್ಲದ ಎರಡನೆಯ ಮಾತು, ಬರೆಯುತ್ತಿರುವಾಗಲೇ ಮಾತುಕತೆ ಅನ್ನುವುದು, ಸುಮ್ಮನೆ ಸೇರಿಸಿದ ಸದಾಶಯದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಇಡೀ ನಿಯಮ ನಿಂತಿರುವುದೇ ಅದರ ಮೇಲೆ. ಉಳಿದ ಅಂಕೆಗಳೆಲ್ಲ ಅದನ್ನು ಸಾಧ್ಯವಾಗಿಸಲು ಹಾಕಿದ ಲೆಕ್ಕ.

ಲೆಕ್ಕವನ್ನೇ ನೋಡಿ. ನಾಲ್ಕು ಪುಟದ ಒಂದು ಕರಡನ್ನು ಓದಿ, ಅಂಚಿನಲ್ಲಿ ಪ್ರಶ್ನೆ ಬರೆದು, ಕೊನೆಗೆ ಎರಡು ಸಾಲು ಹೇಳಲು ಇಪ್ಪತ್ತು ನಿಮಿಷ ಬೇಕು ಅಂದುಕೊಳ್ಳೋಣ. ಇಪ್ಪತ್ತು ಜನ ಇದ್ದರೆ ಆರು ಗಂಟೆ ನಲವತ್ತು ನಿಮಿಷ. ಒಂದು ಭಾನುವಾರ ಹೋಯಿತು, ಇರಲಿ. ಅರವತ್ತು ಜನ ಇದ್ದರೆ ಇಪ್ಪತ್ತು ಗಂಟೆ. ಆಗ ಯಾವ ಮೇಷ್ಟ್ರಾದರೂ ಮಾಡುವುದೇನು? ಮೊದಲ ಪುಟ ಓದಿ, ಕೊನೆಯ ಪುಟ ನೋಡಿ, ಮಧ್ಯೆ ಎಲ್ಲೋ ಒಂದು ಟಿಕ್ ಹಾಕಿ ಅಂಕ ಕೊಡುವುದು. ಅದಕ್ಕೇ 20. ಬರೆಯಲು ಹಾಕಿದ ಶ್ರಮಕ್ಕೆ ಅಂಕ ಸಿಗದಿದ್ದರೆ ಯಾವ ವಿದ್ಯಾರ್ಥಿಯೂ ಕರಡು ತಿದ್ದುವ ಗೋಜಿಗೆ ಹೋಗುವುದಿಲ್ಲ. ಅದಕ್ಕೇ ಶೇ. 40. ತಿದ್ದಲು ಏನಾದರೂ ಇರಬೇಕಾದರೆ ಬರಹ ಒಂದಿಷ್ಟು ಉದ್ದ ಇರಬೇಕು. ಅದಕ್ಕೇ 4,000 ಪದ.

ಬೇರೆ ಕಡೆಯ ಅಂಕೆಗಳು ಬೇರೆ, ಲೆಕ್ಕ ಅದೇ. ಮಿಸ್ಸೂರಿ ವಿಶ್ವವಿದ್ಯಾಲಯ 5,000 ಪದ ಕೇಳುತ್ತದೆ, ಅದರಲ್ಲಿ 2,000 ಪದವಾದರೂ ತಿದ್ದಿ ತೀಡಿದ ಬರಹವಾಗಿರಬೇಕು ಎನ್ನುತ್ತದೆ. ಮಿನೆಸೋಟ ವಿಶ್ವವಿದ್ಯಾಲಯ ಹತ್ತರಿಂದ ಹದಿನೈದು ಪುಟಕ್ಕೆ, ಅಂಕದಲ್ಲಿ ಮೂರನೇ ಒಂದು ಭಾಗಕ್ಕೆ ತೃಪ್ತಿಪಡುತ್ತದೆ. ಆದರೆ ಬರವಣಿಗೆ ಕನಿಷ್ಠ ಮಟ್ಟ ಮುಟ್ಟದಿದ್ದರೆ ವಿಷಯ ಎಷ್ಟೇ ಗೊತ್ತಿದ್ದರೂ ಆ ಕೋರ್ಸಿನಲ್ಲಿ ಪಾಸು ಮಾಡಕೂಡದು ಎಂದೂ ಹೇಳುತ್ತದೆ. ಮ್ಯಾಸಚೂಸೆಟ್ಸಿನ ಎಂಐಟಿ 2001ರಲ್ಲಿ ಸೇರಿದವರಿಂದ ಹಿಡಿದು ಇಂಥ ನಾಲ್ಕು ಕೋರ್ಸು ಕಡ್ಡಾಯ ಮಾಡಿತು, ಬರೆಯುವುದರ ಜತೆಗೆ ಮಾತಾಡುವುದನ್ನೂ ಸೇರಿಸಿತು.

ಪದಗಳ ಲೆಕ್ಕದ ಬಗ್ಗೆ ಒಂದು ಮಾತು. ಪುಟ ಅಂದರೆ ಹುಡುಗರು ಅಕ್ಷರ ದಪ್ಪ ಮಾಡಿ, ಸಾಲಿನ ನಡುವೆ ಜಾಗ ಬಿಟ್ಟು ತುಂಬಿಸುತ್ತಾರೆ. ಪದ ಅಂದರೆ ಅದಕ್ಕೆ ದಾರಿಯಿಲ್ಲ. ಆದರೆ ಈ 4,000ವನ್ನು ಹಾಗೇ ಎತ್ತಿಕೊಂಡು ಬಂದು ಕನ್ನಡದ ತರಗತಿಗೆ ಹಚ್ಚಿದರೆ ನಮ್ಮ ಹುಡುಗರಿಗೆ ಅನ್ಯಾಯ. ‘ಮನೆಯಲ್ಲಿದ್ದವರಿಗಾಗಿ’ ಅನ್ನುವುದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಆರು ಬೇಕು.

ಈ ಚಿಂತೆ ಶುರುವಾದದ್ದು ಯಾವಾಗ ಅಂದರೆ, ಅದು ಯಾವತ್ತೂ ಇದ್ದದ್ದೇ. ‘ಈಗಿನ ಹುಡುಗರಿಗೆ ನೆಟ್ಟಗೆ ನಾಲ್ಕು ಸಾಲು ಬರೆಯಲು ಬಾರದು’ ಎಂದು ಹಾರ್ವರ್ಡ್ 1874ರಷ್ಟು ಹಿಂದೆಯೇ ಪ್ರವೇಶಕ್ಕೆ ಬರವಣಿಗೆಯ ಪರೀಕ್ಷೆ ಇಟ್ಟಿತ್ತು. ಮೊದಲ ವರ್ಷ ಒಂದು ಇಂಗ್ಲಿಷ್ ಕೋರ್ಸು ಓದಿಸಿಬಿಟ್ಟರೆ ಆಯಿತು ಅನ್ನುವ ನಂಬಿಕೆ ಮುಂದೆ ನೂರು ವರ್ಷ ನಡೆಯಿತು. 1975ರ ಡಿಸೆಂಬರಿನಲ್ಲಿ ನ್ಯೂಸ್‌ವೀಕ್ ಪತ್ರಿಕೆ ‘ಜಾನಿಗೆ ಬರೆಯಲು ಬರುವುದಿಲ್ಲವೇಕೆ’ ಎಂದು ಮುಖಪುಟದಲ್ಲೇ ಕೂಗಿದಾಗ ಗದ್ದಲ ಎದ್ದಿತು. ಅಷ್ಟು ಹೊತ್ತಿಗೆ ಅಯೋವಾದ ಪೆಲ್ಲಾ ಊರಿನ ಸೆಂಟ್ರಲ್ ಕಾಲೇಜಿನಲ್ಲಿ ಬಾರ್ಬರಾ ವಾಲ್‌ವೂರ್ಡ್ ಬೇರೆ ದಾರಿ ಹಿಡಿದಿದ್ದರು. 1969-70ರ ಸುಮಾರಿನಲ್ಲಿ ಅವರು ಎಲ್ಲ ವಿಭಾಗಗಳ ಅಧ್ಯಾಪಕರನ್ನು ಒಂದೆಡೆ ಕೂರಿಸಿ, ವಿದ್ಯಾರ್ಥಿಗಳ ಬರವಣಿಗೆಯ ಬಗ್ಗೆ ಮಾತಿಗೆ ಎಳೆದರು. 1977ರಲ್ಲಿ ಬರವಣಿಗೆಯ ಕಲಿಕೆಯ ಸಂಶೋಧಕಿ ಜಾನೆಟ್ ಎಮಿಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆಯುವುದೇ ಕಲಿಯುವ ಒಂದು ಬಗೆ ಎಂದು ವಾದಿಸಿದರು. ತಿಳಿದದ್ದನ್ನು ಬರೆದು ತೋರಿಸುವುದಲ್ಲ, ಬರೆಯುತ್ತ ತಿಳಿಯುವುದು. ಬರವಣಿಗೆಯ ಹೊಣೆ ಇಂಗ್ಲಿಷ್ ವಿಭಾಗದಿಂದ ಎಲ್ಲ ವಿಭಾಗಗಳಿಗೂ ಹರಡಿದ್ದು ಹೀಗೆ.

ಮಾತಿನಲ್ಲಿ ಇದು ದೊಡ್ಡದಾಗಿ ಕೇಳಿಸುತ್ತದೆ. ಕಣ್ಣಾರೆ ನೋಡಲು ಒಂದು ಅರ್ಜಿಯನ್ನು ಊಹಿಸಿಕೊಳ್ಳೋಣ. ಅಧ್ಯಾಪಕಿಯೊಬ್ಬರು ಹೊಳೆ-ತೊರೆಗಳ ನೀರಿನ ಗುಣಮಟ್ಟದ ಮೇಲೆ ಪಾಠ ಮಾಡುತ್ತಾರೆ. ಹದಿನೈದು ವಾರದ ಸೆಮಿಸ್ಟರು, ಇಪ್ಪತ್ತು ವಿದ್ಯಾರ್ಥಿಗಳು. ಮೂರನೇ ವಾರ ಎರಡು ಪುಟದ ಟಿಪ್ಪಣಿ, ಏಳನೇ ವಾರ ನಾಲ್ಕು ಪುಟದ ವಿಶ್ಲೇಷಣೆ, ಕೊನೆಗೆ ಹತ್ತು ಪುಟದ ವರದಿ. ಮೂರೂ ಸೇರಿ ಶೇ. 45 ಅಂಕ. ಮೇಲುನೋಟಕ್ಕೆ ಎಲ್ಲ ಸರಿಯಾಗಿದೆ.

ಏಳನೇ ವಾರದ ಕರಡಿನಲ್ಲಿ ಒಬ್ಬ ಹುಡುಗ ಹೀಗೆ ಬರೆಯುತ್ತಾನೆ: ‘ಮಳೆ ಬಂದ ಮೇಲೆ ತೊರೆಯ ನೀರು ಕೆಟ್ಟಿತ್ತು.’ ವ್ಯಾಕರಣದ ತಪ್ಪು ಒಂದೂ ಇಲ್ಲ. ಕೆಂಪು ಶಾಯಿಯ ಮೇಷ್ಟ್ರಿಗೆ ಇಲ್ಲಿ ಕೆಲಸವೇ ಇಲ್ಲ. ಈ ಅಧ್ಯಾಪಕಿ ಅಂಚಿನಲ್ಲಿ ಬರೆಯುವುದು ಮೂರು ಪ್ರಶ್ನೆ: ‘ಕೆಟ್ಟಿತ್ತು ಅಂದರೆ ಯಾವ ಅಳತೆಯಲ್ಲಿ? ಮಳೆಗೆ ಮೊದಲು ಹೇಗಿತ್ತು? ಮಳೆಯೇ ಕಾರಣ ಅನ್ನಲು ನಿನ್ನ ಹತ್ತಿರ ಏನಿದೆ?’ ಹುಡುಗ ತನ್ನ ಅಳತೆಯ ಪುಸ್ತಕ ಮತ್ತೆ ತೆಗೆಯುತ್ತಾನೆ. ಎರಡು ವಾರ ಬಿಟ್ಟು ಅದೇ ಸಾಲು ಹೀಗೆ ಬರುತ್ತದೆ: ‘ಮಳೆಯ ಮರುದಿನ ಮೂರೂ ಜಾಗದಲ್ಲಿ ಕದಡು ಹೆಚ್ಚಿತ್ತು. ಆದರೆ ಸೇತುವೆಗಿಂತ ಮೇಲಿನ ಹರಿವಿನಲ್ಲಿ ಏರಿಕೆ ತೀರಾ ಕಡಿಮೆ. ಮಳೆಯೊಂದೇ ಕಾರಣವಾಗಿದ್ದರೆ ಅಲ್ಲೂ ಅಷ್ಟೇ ಏರಬೇಕಿತ್ತು. ಸೇತುವೆ ದಾಟಿದ ಮೇಲೆ ಅಗೆದುಹಾಕಿದ ದಂಡೆಯಿಂದ ಮಣ್ಣು ಬಂದಿರಬಹುದು.’

ಮೊದಲ ಸಾಲು ಬರೆಯುವಾಗ ಹುಡುಗನಿಗೆ ದಂಡೆಯ ಯೋಚನೆಯೇ ಇರಲಿಲ್ಲ. ಅಳತೆ ಕೈಯಲ್ಲೇ ಇತ್ತು, ಕಂಡಿರಲಿಲ್ಲ. ಪಾಠವನ್ನು ಕಲಿಯಲು ಬರವಣಿಗೆ ನೆರವಾಗಬೇಕು ಎಂದು ಹವಾಯಿಯವರು ಮೊದಲನೆಯ ಮಾತಾಗಿ ಇಟ್ಟಿದ್ದಾರಲ್ಲ, ಅದು ಇದೇ. ಕೊನೆಯ ದಿನ ಒಪ್ಪಿಸುವ ನಲವತ್ತು ಪುಟದ ಪ್ರಬಂಧದಲ್ಲಿ ಇದು ನಡೆಯುವುದಿಲ್ಲ. ಅದೇ ಮೂರು ಪ್ರಶ್ನೆಯನ್ನು ಮೇಷ್ಟ್ರು ಅಲ್ಲೂ ಬರೆಯಬಹುದು, ಆದರೆ ಅಷ್ಟೊತ್ತಿಗೆ ಹುಡುಗ ರಜೆಗೆ ಊರು ಸೇರಿರುತ್ತಾನೆ.

ಬರಹದ ಪ್ರಶ್ನೆ ಎಂಥದ್ದು ಅನ್ನುವುದನ್ನೂ ಕೆಲವು ಸಮಿತಿಗಳು ನೋಡುತ್ತವೆ. ಮಿಸ್ಸೂರಿಯ ನಿಯಮದಲ್ಲಿ ನನಗೆ ತುಂಬ ಹಿಡಿಸಿದ ಸಾಲು ಇಲ್ಲಿದೆ: ಒಪ್ಪಬಹುದಾದ ಉತ್ತರ ಒಂದಕ್ಕಿಂತ ಹೆಚ್ಚು ಇರುವಂಥ ಪ್ರಶ್ನೆಯ ಮೇಲೆ ಒಂದು ಬರಹವಾದರೂ ಇರಲೇಬೇಕು. ‘ಜಲಮಾಲಿನ್ಯದ ಕಾರಣಗಳನ್ನು ವಿವರಿಸಿ’ ಎಂದು ಕೇಳಿದರೆ ಗೈಡಿನಲ್ಲಿರುವ ಏಳು ಕಾರಣ ಇಳಿಸಿದರೆ ಮುಗಿಯಿತು, ಕರಡೂ ಬೇಡ, ತಿದ್ದುವುದೂ ಬೇಡ. ‘ಈ ತೊರೆಯ ದಂಡೆ ಕಟ್ಟಲು ಹಣ ಇರುವುದು ಒಂದೇ ಕಡೆಗೆ, ಎಲ್ಲಿ ಕಟ್ಟಬೇಕು, ಯಾಕೆ?’ ಎಂದರೆ ಇಪ್ಪತ್ತು ಜನ ಇಪ್ಪತ್ತು ಥರ ಬರೆಯಬೇಕಾಗುತ್ತದೆ. ಅರ್ಜಿ ನೋಡುವವರು ಪ್ರಶ್ನೆಯ ಕ್ರಿಯಾಪದದ ಮೇಲೆ ಕಣ್ಣಿಟ್ಟರೂ ಸಾಕು, ಅರ್ಧ ವಿಷಯ ತಿಳಿಯುತ್ತದೆ.

ಇನ್ನು, ಓದುವವರು ಯಾರು? ದೊಡ್ಡ ತರಗತಿಗಳಲ್ಲಿ ಕರಡು ಓದುವುದು ಬಹಳಷ್ಟು ಸಲ ಟೀಚಿಂಗ್ ಅಸಿಸ್ಟೆಂಟುಗಳು, ಅಂದರೆ ಅಲ್ಲೇ ಎಂಎಸ್ಸೋ ಪಿಎಚ್‌ಡಿಯೋ ಮಾಡುತ್ತಿರುವ ಹುಡುಗ ಹುಡುಗಿಯರು. ಅವರಲ್ಲಿ ನಮ್ಮವರೂ ಇರುತ್ತಾರೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಹೋದವರ ಕೈಗೆ ಮೊದಲ ಸೆಮಿಸ್ಟರಿನಲ್ಲೇ ಹತ್ತಿಪ್ಪತ್ತು ಕರಡು ಬಂದು ಬೀಳುವುದುಂಟು. ಸ್ವತಃ ತಮ್ಮ ಕರಡನ್ನು ಯಾರೂ ತಿದ್ದಿ ಕೊಟ್ಟಿರದವರು ಬೇರೆಯವರದನ್ನು ತಿದ್ದಲು ಕೂತರೆ ಕೈ ಹೋಗುವುದು ಅಲ್ಪವಿರಾಮದ ಕಡೆಗೇ. ಆದ್ದರಿಂದ, ಅಸಿಸ್ಟೆಂಟುಗಳಿಗೆ ತರಬೇತಿ ಯಾರು ಕೊಡುತ್ತಾರೆ, ಅವರ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಿನೆಸೋಟದಂಥ ಕಡೆ ಅರ್ಜಿಯಲ್ಲೇ ಬರೆದುಕೊಡಬೇಕು.

ಮಂಜೂರಾತಿ ಸಿಗುವುದು ಯಾರಿಗೆ, ಕೋರ್ಸಿಗೋ ಕಲಿಸುವವರಿಗೋ? ಇದು ಕೇಳಲು ಚಿಲ್ಲರೆ ಪ್ರಶ್ನೆ, ಆದರೆ ಜಗಳ ಹೆಚ್ಚು ಆಗುವುದು ಇಲ್ಲೇ. ಹವಾಯಿಯಲ್ಲಿ ಎರಡೂ ಬಗೆ ಉಂಟು. ಗುರುತು ಅಧ್ಯಾಪಕರಿಗೆ ಅಂಟಿದ್ದರೆ ಅವರು ರಜೆ ಹೋದ ಸೆಮಿಸ್ಟರಿನಲ್ಲಿ ಡಬ್ಲ್ಯೂ ಕಾಣೆ. ಕೊನೆಯ ವರ್ಷದ ವಿದ್ಯಾರ್ಥಿ ಒಂದೇ ಒಂದು ಡಬ್ಲ್ಯೂ ಕೋರ್ಸಿಗಾಗಿ ಕಂಗಾಲು. ಕೋರ್ಸಿಗೇ ಅಂಟಿದ್ದರೆ ಯಾರು ಕಲಿಸಿದರೂ ನಿಯಮ ಪಾಲಿಸುತ್ತಾರೆ ಎಂದು ವಿಭಾಗ ಮಾತು ಕೊಡಬೇಕು. ತರಗತಿ ಶುರುವಾಗುವ ವಾರ ಮೊದಲು ನೇಮಕವಾದ ಅತಿಥಿ ಉಪನ್ಯಾಸಕರಿಗೆ ಆ ಮಾತಿನ ಸುದ್ದಿಯೇ ತಲುಪಿರುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಹೇಳುವುದು ಕಷ್ಟ. ನನ್ನ ಒಲವು ಅಧ್ಯಾಪಕರಿಗೆ ಅಂಟಿಸುವ ಕಡೆ, ಯಾಕೆಂದರೆ ಕರಡು ಓದುವುದು ಸಿಲಬಸ್ಸಲ್ಲ, ಮನುಷ್ಯರು.

ದೂರುಗಳಿಗೂ ಬರವಿಲ್ಲ. ‘ನಾನು ರಸಾಯನಶಾಸ್ತ್ರದವಳು, ನನಗೇಕೆ ಭಾಷೆ ತಿದ್ದುವ ಕೆಲಸ’ ಎಂಬುದು ಎಲ್ಲಕ್ಕಿಂತ ಹಳೆಯದು. ಭಾಷೆ ತಿದ್ದಿ ಎಂದು ಯಾರೂ ಕೇಳಿಲ್ಲ, ಅಳತೆಗೂ ಮಾತಿಗೂ ತಾಳೆ ಆಗುತ್ತದೆಯೇ ಎಂದು ನೋಡಿ, ಅದನ್ನು ರಸಾಯನಶಾಸ್ತ್ರದವರೇ ನೋಡಬೇಕು ಎಂಬುದು ಅದಕ್ಕೆ ಉತ್ತರ. ಇನ್ನೊಂದು ದೂರಿಗೆ ಅಷ್ಟು ಸುಲಭದ ಉತ್ತರ ಇಲ್ಲ. ತರಗತಿಗೆ ಇಪ್ಪತ್ತೇ ಜನ ಅಂದರೆ ಹೆಚ್ಚು ತರಗತಿ ಬೇಕು, ಹೆಚ್ಚು ಅಧ್ಯಾಪಕರು ಬೇಕು, ಹಣ ಬೇಕು. ಅದು ಇಲ್ಲದ ಕಡೆ ಹೊರೆ ಬೀಳುವುದು ಕಡಿಮೆ ಸಂಬಳದ ಗುತ್ತಿಗೆ ಅಧ್ಯಾಪಕರ ತಲೆಗೆ. ಮಿನೆಸೋಟದವರು ಮಾತ್ರ 2007ರಿಂದ ಇನ್ನೊಂದು ಕೆಲಸವನ್ನೂ ಜತೆಗೆ ಶುರು ಮಾಡಿದರು. ನಿಮ್ಮಲ್ಲಿ ಓದಿ ಹೊರಟವರಿಗೆ ಎಂಥ ಬರವಣಿಗೆ ಬರಬೇಕು ಎಂದು ಪ್ರತಿ ವಿಭಾಗವನ್ನೂ ಕೇಳಿ, ಅವರಿಂದಲೇ ಒಂದು ಯೋಜನೆ ಬರೆಸುವುದು. ಒಂದೊಂದೇ ಕೋರ್ಸಿಗೆ ಮುದ್ರೆ ಒತ್ತುವುದಕ್ಕಿಂತ ಇದು ನಿಧಾನದ ಹಾದಿ, ಆದರೆ ವಿಭಾಗದವರು ಇದನ್ನು ತಮ್ಮದೇ ಕೆಲಸ ಅಂದುಕೊಳ್ಳುತ್ತಾರೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೊನೆಯ ದಿನದ ಒಂಟಿ ಪ್ರಬಂಧದ ಪಾಡು ಇನ್ನೂ ಕೆಟ್ಟಿತು. ಯಾರು ಬರೆದದ್ದೆಂದು ಹೇಳಲು ಅದರಲ್ಲಿ ಯಾವ ಗುರುತೂ ಇಲ್ಲ. ಟಿಪ್ಪಣಿ, ಕರಡು, ಅಂಚಿನ ಪ್ರಶ್ನೆ, ಎದುರು ಕೂತು ಆಡಿದ ಹತ್ತು ನಿಮಿಷದ ಮಾತು, ತಿದ್ದಿದ ಪ್ರತಿ ಇಷ್ಟೂ ಇರುವ ಕೋರ್ಸಿನಲ್ಲಿ ಹೆಜ್ಜೆಗುರುತು ಉಳಿಯುತ್ತದೆ. ಹಾಗಂತ ಇದು ಮದ್ದು ಎಂದು ಹೇಳಲಾರೆ. ಕರಡನ್ನೂ ಯಂತ್ರದಿಂದಲೇ ಬರೆಸಬಹುದು, ಪ್ರಶ್ನೆಗೆ ಉತ್ತರವನ್ನೂ. ಆದರೆ ತೊರೆಯ ದಂಡೆಯ ಮೇಲೆ ತಾನೇ ನಿಂತು ಬರೆದುಕೊಂಡ ಅಳತೆಯ ಬಗ್ಗೆ ಎದುರಿಗೆ ಕೂತು ಕೇಳಿದರೆ ಯಂತ್ರ ಬರೆದುಕೊಟ್ಟ ಉತ್ತರ ತಡವರಿಸುತ್ತದೆ.

ಇದನ್ನು ನಮ್ಮಲ್ಲಿ ತರಬಹುದೇ ಎಂದು ಕೇಳುವವರಿದ್ದಾರೆ. ನಮ್ಮಲ್ಲೂ ಮಂಜೂರಾತಿಯ ಏಣಿ ಉಂಟು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ಅಧ್ಯಯನ ಮಂಡಳಿ (ಬೋರ್ಡ್ ಆಫ್ ಸ್ಟಡೀಸ್, ಬಿಒಎಸ್) ಪಠ್ಯಕ್ರಮ ಮಾಡುತ್ತದೆ, ಅದು ಮೇಲೇರಿ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಬಿಒಎಸ್ ಮೀಟಿಂಗಿನಲ್ಲಿ ಕೂತವರಿಗೆ ಗೊತ್ತು: ಯೂನಿಟ್ ಎಷ್ಟು, ಗಂಟೆ ಎಷ್ಟು, ಪರಾಮರ್ಶನ ಗ್ರಂಥ ಯಾವುವು, ಪ್ರಶ್ನೆಪತ್ರಿಕೆಯ ಮಾದರಿ ಹೇಗೆ. ಕರಡು ಯಾವ ವಾರ ವಾಪಸ್ ಕೊಡುತ್ತೀರಿ ಎಂದು ಕೇಳುವ ಕಾಲಮ್ಮೇ ಇಲ್ಲ. ಕಾಲಮ್ಮು ಸೇರಿಸಿದರೂ ಕಷ್ಟ ತಪ್ಪದು. ಅಮೆರಿಕದಲ್ಲಿ ಸಿಲಬಸ್ ಬರೆಯುವವರು, ಕಲಿಸುವವರು, ಅಂಕ ಹಾಕುವವರು ಸಾಮಾನ್ಯವಾಗಿ ಒಬ್ಬರೇ. ಸಮಿತಿ ಒಪ್ಪುವುದು ಆ ಒಬ್ಬರ ಯೋಜನೆಯನ್ನು. ನಮ್ಮ ಸಂಯೋಜಿತ ಕಾಲೇಜುಗಳಲ್ಲಿ ಸಿಲಬಸ್ ಬರೆಯುವವರು ಯಾರೋ, ಕಲಿಸುವವರು ಇನ್ಯಾರೋ, ಮೌಲ್ಯಮಾಪನ ಕೇಂದ್ರದಲ್ಲಿ ಪೇಪರ್ ತಿದ್ದುವವರು ಮತ್ಯಾರೋ. ಹುಡುಗಿಯ ಮೊದಲ ಕರಡು ನೋಡಿದವರಿಗೆ ಅವಳ ಕೊನೆಯ ಬರಹಕ್ಕೆ ಅಂಕ ಹಾಕುವ ಅಧಿಕಾರ ಇರುವುದು ಇಂಟರ್ನಲ್ಸಿನ ಚೂರಿನಲ್ಲಿ ಮಾತ್ರ. ಸ್ವಾಯತ್ತ ಕಾಲೇಜುಗಳಿಗೆ ಈ ತೊಡಕು ಕಡಿಮೆ. ಯಾರಾದರೂ ಶುರು ಮಾಡುವುದಿದ್ದರೆ ಅಲ್ಲಿಂದಲೇ ಮಾಡಬೇಕು, ಎಂಟು ಯೂನಿಟ್ಟಿನ ಒಂದು ಪತ್ರಿಕೆಯನ್ನು ಐದಕ್ಕೆ ಇಳಿಸುವ ಧೈರ್ಯ ಇದ್ದರೆ.

ಇಳಿಸಲೇಬೇಕು ಅನ್ನುವುದಕ್ಕೆ ನಮ್ಮ ಊಹೆಯ ಅರ್ಜಿಯೇ ಸಾಕ್ಷಿ. ಹೊಳೆ-ತೊರೆಗಳ ಅಧ್ಯಾಪಕಿ ಹತ್ತು ಪುಟದ ವರದಿಯ ಕರಡನ್ನು ಹದಿನಾಲ್ಕನೇ ವಾರಕ್ಕೂ ತಿದ್ದಿದ ಪ್ರತಿಯನ್ನು ಹದಿನೈದನೇ ವಾರಕ್ಕೂ ಇಟ್ಟಿದ್ದರು. ಸಮಿತಿಯಲ್ಲಿದ್ದ ಒಬ್ಬರು ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು: ಇಪ್ಪತ್ತು ಜನ, ಇನ್ನೂರು ಪುಟ, ಪುಟಕ್ಕೆ ಐದು ನಿಮಿಷ ಅಂದರೂ ಹದಿನಾರು ಗಂಟೆ ನಲವತ್ತು ನಿಮಿಷ. ಇಷ್ಟು ಓದಿ ನೀವು ವಾಪಸ್ ಕೊಡುವುದು ಯಾವಾಗ, ಹುಡುಗರು ತಿದ್ದುವುದು ಯಾವಾಗ? ಅರ್ಜಿ ಒಂದು ಚೀಟಿ ಅಂಟಿಸಿಕೊಂಡು ವಾಪಸ್ ಹೋಯಿತು. ಹತ್ತು ದಿನ ಬಿಟ್ಟು ಮತ್ತೆ ಬಂದಾಗ ಕರಡು ಹತ್ತನೇ ವಾರಕ್ಕೆ ಬಂದಿತ್ತು, ವಾಪಸ್ ಕೊಡುವುದು ಹನ್ನೆರಡನೇ ವಾರ, ಕೊನೆಯ ಪ್ರತಿ ಹದಿನೈದಕ್ಕೆ. ಹನ್ನೊಂದನೇ ವಾರದ ಎದುರು ‘ತರಗತಿ ಇಲ್ಲ, ಒಬ್ಬೊಬ್ಬರ ಜತೆ ಹತ್ತು ನಿಮಿಷ’ ಎಂದಿತ್ತು. ಮೊದಲ ಅರ್ಜಿಯಲ್ಲಿ ಆ ವಾರಕ್ಕಿದ್ದ ಅಂತರ್ಜಲದ ಎರಡು ಪಾಠ ಪಟ್ಟಿಯಲ್ಲಿ ಇರಲಿಲ್ಲ.